ಎಡಗಾಲಿಯದು ಎಡಕ್ಕೆ, ಬಲಗಾಲಿಯದು ಬಲಕ್ಕೆ

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಪಾನ್ ಸ್ಟ್ರೀಟ್ ಎಂಬ ಬೀದಿಯಿದೆ. ಎರಡೂ ಕಡೆ ಕಪ್ಪು ಮರದ ಚೌಕಟ್ಟಿನ ಹಳೆಯ ಮನೆಗಳು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಊರಿನ ನಡುಭಾಗವನ್ನು ಸುಟ್ಟು ಹಾಕಿದ ಮೇಲೂ ಉಳಿದುಕೊಂಡ ಹಳೆಯ ಕವೆಂಟ್ರಿಯ ತುಣುಕು ಇದು. ಆಮೇಲೆ ಬೇರೆ ಬೀದಿಗಳ ಕೆಲವು ಮನೆಗಳನ್ನೂ ಬಿಚ್ಚಿ ತಂದು ಇಲ್ಲಿ ಜೋಡಿಸಿದರು. ಪ್ರವಾಸಿಗರು ಈ ಮನೆಗಳ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನನಗೆ ಬೇಕಿದ್ದದ್ದು ಅದರ ಹತ್ತಿರದಲ್ಲೇ ಇರುವ ರಡ್ಜ್ ರೋಡ್. ಅಲ್ಲಿ ನೋಡುವಂಥದ್ದು ಏನೂ ಇಲ್ಲ. ರಡ್ಜ್ ಸೈಕಲ್ ಕಂಪನಿಯ ಕಾರ್ಖಾನೆ ಹೋಗಿದೆ, ಹೆಸರು ರಸ್ತೆಯ ಫಲಕದಲ್ಲಿ ಉಳಿದಿದೆ. ಆದರೂ ಹಳೆಯ ಸ್ಪೋರ್ಟ್ಸ್ ಕಾರುಗಳ ಚಕ್ರದ ಬಗ್ಗೆ ಬರೆಯುವವರು ಇಲ್ಲಿಂದಲೇ ಹೊರಡುವುದು ಸರಿ.

ಆ ಚಕ್ರವನ್ನು ನೀವು ಹಳೆಯ ಸಿನಿಮಾಗಳಲ್ಲಿ ನೋಡಿರುತ್ತೀರಿ. ಸೈಕಲ್ಲಿನಂತೆ ಕಡ್ಡಿ ಹೆಣೆದ ಚಕ್ರ. ನಟ್ಟನಡುವೆ, ನಾಲ್ಕೈದು ನಟ್ಟುಗಳಿರಬೇಕಾದ ಜಾಗದಲ್ಲಿ, ಒಂದೇ ಒಂದು ದೊಡ್ಡ ನಟ್ಟು. ಅದಕ್ಕೆ ಎರಡು ಅಥವಾ ಮೂರು ಕಿವಿಗಳು. ಅದರ ಹೆಸರು ಸ್ಪಿನ್ನರ್. ಕಿವಿಗೆ ಸುತ್ತಿಗೆಯಿಂದ ಹೊಡೆದರೆ ಸಡಿಲವಾಗುತ್ತದೆ, ಕೈಯಿಂದ ತಿರುಗಿಸಿ ತೆಗೆದರೆ ಇಡೀ ಚಕ್ರ ಈಚೆಗೆ ಬರುತ್ತದೆ. ನೋಡಿದವರಿಗೆ ಅಲಂಕಾರ ಅನ್ನಿಸುವ ಈ ನಟ್ಟು ಎಡ ಬಲ ತಿಳಿದು ಕೆಲಸ ಮಾಡುವ ಯಂತ್ರಭಾಗ. ಅದರ ಥ್ರೆಡ್ ತಪ್ಪು ಬದಿಗೆ ಬಂದರೆ ಓಡುವ ಕಾರಿನಿಂದ ಚಕ್ರವೇ ಕಳಚಿಹೋಗಬಹುದು.

ಕವೆಂಟ್ರಿಗೆ ಕಾರಿಗಿಂತ ಮೊದಲು ಬಂದದ್ದು ಸೈಕಲ್ಲು. ಚಕ್ರದ ಕಡ್ಡಿಗಳನ್ನು ಅಡ್ಡಡ್ಡಲಾಗಿ ಎಳೆದು ಹೆಣೆಯುವ ಕ್ರಮಕ್ಕೆ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದದ್ದು ಈ ಊರಿನಲ್ಲಿ. 1894ರಲ್ಲಿ ರಡ್ಜ್ ಮತ್ತು ವಿಟ್‌ವರ್ತ್ ಎಂಬ ಎರಡು ಸೈಕಲ್ ಕಂಪನಿಗಳು ಕೂಡಿ ರಡ್ಜ್-ವಿಟ್‌ವರ್ತ್ ಆಯಿತು. ಅದರ ಜಾನ್ ಪ್ಯೂ ಎಂಬುವರು ಕಾರಿಗೆ ಕಳಚಿ ಹಾಕುವ ಕಡ್ಡಿಚಕ್ರ ರೂಪಿಸಿದರು. ಅಲ್ಲಿಯವರೆಗೆ ಕಾರಿನ ಚಕ್ರವೆಂದರೆ ಅಚ್ಚಿಗೆ ಅಂಟಿಕೊಂಡೇ ಇರುವ ವಸ್ತು. ಟೈರ್ ಪಂಕ್ಚರ್ ಆದರೆ ರಸ್ತೆ ಬದಿಯಲ್ಲಿ ಕೂತು ಟೈರನ್ನೇ ಕಿತ್ತು ಹಾಕಬೇಕಿತ್ತು. ನಾವು ಈಗಲೂ ಡಿಕ್ಕಿಯಲ್ಲಿಟ್ಟುಕೊಂಡು ಓಡಾಡುವ ಸ್ಟೆಪ್ನಿ ಕೂಡ ಆ ಕಾಲದ್ದೇ. ವೇಲ್ಸ್‌ನ ಲ್ಯಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಹುಟ್ಟಿದ ಅದನ್ನು ಪಂಕ್ಚರ್ ಆದ ಚಕ್ರದ ಪಕ್ಕಕ್ಕೇ ಕೊಕ್ಕೆ ಹಾಕಿ ಬಿಗಿಯುತ್ತಿದ್ದರು. 1906ರ ಫ್ರೆಂಚ್ ಗ್ರ್ಯಾಂಡ್ ಪ್ರೀಯಲ್ಲಿ ಗೆದ್ದ ರೆನೋ ಕಾರಿಗೆ ಮಿಷೆಲಿನ್‌ನವರ ಬಿಚ್ಚುವ ರಿಮ್ ದೊಡ್ಡ ಆಸರೆಯಾಗಿತ್ತು. ಆದರೆ ಅಲ್ಲಿಯೂ ಬಿಚ್ಚಬೇಕಾದ ನಟ್ಟುಗಳು ಹಲವು. ಒಂದೇ ನಟ್ಟು, ಒಂದೇ ಸುತ್ತಿಗೆ ಎಂಬ ಸರಳತೆಗೆ ಬಂದದ್ದು ಪ್ಯೂ ಅವರ ಚಕ್ರ.

ಅದನ್ನು ಕಂಡರೆ ಹೆದರಿಕೆಯೂ ಇತ್ತು. 1908ರ ಗ್ರ್ಯಾಂಡ್ ಪ್ರೀಗೆ ಕಳಚುವ ಚಕ್ರ ಕೂಡದು ಎಂದು ಸಂಘಟಕರು ಹೇಳಿದಾಗ ಬ್ರಿಟನ್ನಿನ ನೇಪಿಯರ್ ತಂಡ ಸ್ಪರ್ಧೆಯಿಂದ ಹಿಂದೆ ಸರಿಯಿತು. ಹದಿನೈದು ವರ್ಷ ಕಳೆದ ಮೇಲೆ ನಡೆದದ್ದು ಇದಕ್ಕೆ ತದ್ವಿರುದ್ಧ. 1923ರಲ್ಲಿ ಲೆ ಮಾನ್‌ನ 24 ಗಂಟೆಗಳ ಓಟವನ್ನು ಹುಟ್ಟುಹಾಕಿದ ಮೂವರಲ್ಲಿ ಒಬ್ಬರಾದ ಎಮಿಲ್ ಕೊಕಿಲ್, ರಡ್ಜ್-ವಿಟ್‌ವರ್ತ್‌ನ ಫ್ರೆಂಚ್ ಶಾಖೆಯವರು. ಆ ಓಟದ ಮೊದಲ ಬಹುಮಾನದ ಬಟ್ಟಲಿಗೆ ರಡ್ಜ್-ವಿಟ್‌ವರ್ತ್ ಹೆಸರೇ ಇತ್ತು. ಜಗತ್ತಿನ ಅತಿ ಹೆಸರಾಂತ ಕಾರು ಓಟದ ಬೇರು ಒಂದು ಚಕ್ರದ ಕಂಪನಿಯಲ್ಲಿದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಇದನ್ನು ಕವೆಂಟ್ರಿಯವರು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳಬೇಕು.

ಇಲ್ಲಿಂದ ದಕ್ಷಿಣಕ್ಕೆ, ವಾರಿಕ್‌ಶೈರಿನ ಹೊಲಗಳ ನಡುವೆ ಗೇಡನ್ ಇದೆ. ಒಂದು ಕಾಲಕ್ಕೆ ಬಾಂಬರ್ ವಿಮಾನಗಳ ನೆಲೆ. ಈಗ ಅಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್, ಆಸ್ಟನ್ ಮಾರ್ಟಿನ್ ಕಂಪನಿಗಳ ಆವರಣಗಳು, ಅವುಗಳ ಮಗ್ಗುಲಿಗೆ ಬ್ರಿಟಿಷ್ ಮೋಟರ್ ಮ್ಯೂಸಿಯಂ. 1993ರಲ್ಲಿ ತೆರೆದಾಗ ಹೆರಿಟೇಜ್ ಮೋಟರ್ ಸೆಂಟರ್ ಎಂದಿದ್ದ ಹೆಸರು 2016ರಲ್ಲಿ ಬದಲಾಯಿತು. ನನ್ನನ್ನು ಕರೆದುಕೊಂಡು ಹೋದವರು ಈ ಕಡೆ ನೆಲೆಸಿರುವ ಹಾಸನದ ಎಂಜಿನಿಯರ್ ಗೆಳೆಯರು. ಅಂದು ಮ್ಯೂಸಿಯಮ್ಮಿನ ಅಂಗಳದಲ್ಲಿ ಹಳೆಯ ಕಾರುಗಳ ಕೂಟ. ಒಳಗಿನ ಸಂಗ್ರಹಕ್ಕಿಂತ ಹೊರಗಿನ ಹುಲ್ಲಿನ ಮೇಲೆ ನಿಂತ ಕಾರುಗಳೇ ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಟ್ಟವು, ಏಕೆಂದರೆ ಅವುಗಳ ಮೇಲೆ ಕೈಯಿಡಬಹುದಿತ್ತು.

ಸಾಲಿನುದ್ದಕ್ಕೂ ನಡೆದರೆ ಗುರುತು ಹಿಡಿಯುವುದು ತಾನಾಗಿ ಬರುತ್ತದೆ. ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ, ಜಾಗ್ವಾರ್ ಕಾರುಗಳಲ್ಲಿ ಎರಡು ಕಿವಿ. ಆಸ್ಟನ್ ಮಾರ್ಟಿನ್ ಡಿಬಿ4, ಡಿಬಿ5ಗಳಲ್ಲಿ ಮೂರು. ಇಟಲಿಯಲ್ಲಿ ಕಾರ್ಲೊ ಬೊರ್ರಾನಿ 1922ರಲ್ಲಿ ರಡ್ಜ್ ಲೈಸೆನ್ಸ್ ಪಡೆದು ಮಿಲಾನಿನಲ್ಲಿ ಚಕ್ರ ಮಾಡಲು ಶುರು ಮಾಡಿದರು. ಮುಂದೆ ಫೆರಾರಿಗಳು ತೊಟ್ಟದ್ದು ಅವರ ಕಡ್ಡಿಚಕ್ರಗಳನ್ನೇ. ಕೆಲವು ಎಂಜಿಬಿಗಳಿಗೆ ಕಿವಿಯೇ ಇಲ್ಲ, ಎಂಟು ಮೂಲೆಯ ನಟ್ಟು. ಅದರ ಕಥೆ ಮುಂದೆ ಬರುತ್ತದೆ. ಇನ್ನು ಕೆಲವಕ್ಕೆ ಕಿವಿಯಿದೆ, ಕೆಲಸವಿಲ್ಲ. ಮಾಮೂಲಿ ನಾಲ್ಕೈದು ಬೋಲ್ಟುಗಳ ಚಕ್ರಕ್ಕೆ ಮೇಲೊಂದು ತಗಡಿನ ಮುಚ್ಚಳ, ಅದರ ಮೇಲೆ ನಕಲಿ ಸ್ಪಿನ್ನರ್. 1960ರ ದಶಕದ ಅಮೆರಿಕನ್ ಕಾರುಗಳಲ್ಲಿ ಇದು ಕಂಪನಿಯಿಂದಲೇ ಬರುತ್ತಿತ್ತು. ಮುಚ್ಚಳದ ಅಂಚಿಗೆ ಉಗುರು ತೂರಿಸಿ ನೋಡಿದರೆ ಗೊತ್ತಾಗುತ್ತದೆ. ಅಸಲಿಯಲ್ಲಿ ನಟ್ಟು ಚಕ್ರದ ಹಬ್ಬಿನ, ಎಂದರೆ ನಡುಭಾಗದ, ಮೂತಿಯನ್ನು ನೇರವಾಗಿ ಕವಿದಿರುತ್ತದೆ, ನಡುವೆ ತಗಡಿರುವುದಿಲ್ಲ. ನಕಲಿಗೆ ಸುತ್ತಿಗೆ ಎತ್ತಿದರೆ ಜಜ್ಜಿಹೋಗುವುದು ಮುಚ್ಚಳವೇ.

ಅಸಲಿಯ ಮೇಲೆ ಬರಹವಿರುತ್ತದೆ. ಬಾಗಿ ಕೂತು ಓದಬೇಕು. ‘ಅನ್‌ಡೂ’ ಎಂದು ಬರೆದು ಒಂದು ಬಾಣ; ಬಿಚ್ಚುವ ದಿಕ್ಕು ಅದು. ಜತೆಗೆ ‘ಲೆಫ್ಟ್ ನಿಯರ್ ಸೈಡ್’ ಅಥವಾ ‘ರೈಟ್ ಆಫ್ ಸೈಡ್’. ಬ್ರಿಟನ್ನಿನಲ್ಲೂ ನಮ್ಮಂತೆ ರಸ್ತೆಯ ಎಡಕ್ಕೆ ಓಡಿಸುವುದರಿಂದ ಕಾಲುದಾರಿಗೆ ಹತ್ತಿರದ ಎಡಬದಿ ಅವರಿಗೆ ನಿಯರ್, ಬಲಬದಿ ಆಫ್. ಎಡ ಬಲ ಎಣಿಸುವುದು ಚಾಲಕನ ಸೀಟಿನಲ್ಲಿ ಮುಂದಕ್ಕೆ ನೋಡಿ ಕೂತವನ ಲೆಕ್ಕದಲ್ಲಿ. ಕಾರಿನ ಮುಂದೆ ನಿಂತು ನೋಡಿದರೆ ತಿರುವುಮುರುವಾಗುತ್ತದೆ, ಅನುಭವಸ್ಥರೂ ಇಲ್ಲಿ ಎಡವುತ್ತಾರೆ. ದಶಕಗಳ ಹೊಡೆತ ತಿಂದು, ಮತ್ತೆ ಮತ್ತೆ ಕ್ರೋಮ್ ಬಳಿಸಿಕೊಂಡ ನಟ್ಟುಗಳಲ್ಲಿ ಅಕ್ಷರ ಅಳಿಸಿಹೋಗಿರುವುದೂ ಉಂಟು. ಆಗ ನಟ್ಟನ್ನು ತೆಗೆದ ಮೇಲೆ, ಚಕ್ರವನ್ನು ಹೊರುವ ಕಾರಿನ ಹಬ್ಬಿನ ಥ್ರೆಡ್ ನೋಡುವುದೇ ದಾರಿ. ಹಬ್ಬಿನ ತುದಿ ಮೇಲ್ಮುಖವಾಗಿದೆ ಎಂದು ಭಾವಿಸಿ ನೋಡಿ. ಥ್ರೆಡ್‌ನ ಗೆರೆಗಳು ಬಲಕ್ಕೆ ಏರುತ್ತಿದ್ದರೆ ಅದು ಮಾಮೂಲಿ ಬಲ ಥ್ರೆಡ್, ಎಡಕ್ಕೆ ಏರುತ್ತಿದ್ದರೆ ಎಡ ಥ್ರೆಡ್. ಬ್ರಿಟಿಷ್ ಕಡ್ಡಿಚಕ್ರದ ಕಾರುಗಳಲ್ಲಿ ಎಡಬದಿಗೆ ಬಲ ಥ್ರೆಡ್ಡೂ ಬಲಬದಿಗೆ ಎಡ ಥ್ರೆಡ್ಡೂ ಇರಬೇಕು. ಕೇಳಲು ತಲೆಕೆಳಗಾದಂತಿದ್ದರೂ ಅದೇ ಸರಿ.

ಸಾಲಿನ ಕೊನೆಯಲ್ಲಿ 1960ರ ದಶಕದ ಕೆಂಪು ಎಂಜಿಬಿಯೊಂದರ ಮಾಲೀಕರು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಿಡ್‌ಲ್ಯಾಂಡ್ಸ್‌ನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ನಮ್ಮ ಕುತೂಹಲ ನೋಡಿ, “ಬಲಗಡೆಯ ಹಿಂದಿನ ಚಕ್ರ ತೆಗೆಯೋಣವೇ?” ಎಂದು ತಾವೇ ಎದ್ದರು. ಡಿಕ್ಕಿಯಿಂದ ತಾಮ್ರದ ತಲೆಯ ಸುತ್ತಿಗೆ ಬಂತು. ಒಂದು ಬದಿ ತಾಮ್ರ, ಇನ್ನೊಂದು ಬದಿ ಹದ ಮಾಡದ ತೊಗಲಿನ ಸುರುಳಿ. ಕಬ್ಬಿಣದ ಸುತ್ತಿಗೆಯನ್ನು ಹತ್ತಿರಕ್ಕೂ ತರಬಾರದು, ಅದು ಕ್ರೋಮ್ ಚಕ್ಕೆ ಎಬ್ಬಿಸಿ ಕಿವಿಯ ಅಂಚನ್ನು ಮಡಿಸಿಬಿಡುತ್ತದೆ. ತಾಮ್ರ ತಾನೇ ತಗ್ಗಿ ನಟ್ಟನ್ನು ಉಳಿಸುತ್ತದೆ. ಅವರ ಸುತ್ತಿಗೆಯ ತಾಮ್ರದ ಮುಖದಲ್ಲಿ ಕಿವಿಯ ಅಗಲಕ್ಕೆ ಸರಿಯಾಗಿ ಹಳ್ಳ ಬಿದ್ದಿತ್ತು. ಸುತ್ತಿಗೆಗೆ ಬದಲಾಗಿ ಕಿವಿಗಳನ್ನು ಎರಡೂ ಕಡೆ ಹಿಡಿಯುವ ಮರದ ಹಿಡಿಕೆಯನ್ನು ಬಳಸುವವರೂ ಇದ್ದಾರೆ. ಕ್ರೋಮ್‌ಗೆ ಅದು ಇನ್ನೂ ಒಳ್ಳೆಯದು.

ಹ್ಯಾಂಡ್‌ಬ್ರೇಕ್ ಎಳೆದರು, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟರು. ಗೆಳೆಯರು ಜಾಕಿ ತಿರುಗಿಸತೊಡಗಿದರು. ಟೈರು ನೆಲಕ್ಕೆ ಇನ್ನೂ ತಾಗಿಯೂ ತಾಗದಂತೆ ಇರುವಾಗ ಸಾಕು ಎಂದು ಕೈ ತೋರಿಸಿದರು. ಪೂರ್ತಿ ಭಾರ ಚಕ್ರದ ಮೇಲಿದ್ದರೆ ನಟ್ಟಿನ ಒಂದು ಬದಿ ಸಿಕ್ಕಿಕೊಂಡಂತಿರುತ್ತದೆ. ಪೂರ್ತಿ ಮೇಲಕ್ಕೆ ಎತ್ತಿದರೆ ಹೊಡೆತಕ್ಕೆ ಕಾರು ಅಲುಗಿ ಜಾಕಿ ಜಾರುವ ಭಯ. ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆ. ಮುಂದಿನದಕ್ಕೆ ಹ್ಯಾಂಡ್‌ಬ್ರೇಕ್ ಇಲ್ಲ, ಒಬ್ಬರು ಒಳಗೆ ಕೂತು ಕಾಲಿನ ಬ್ರೇಕ್ ಒತ್ತಿರಬೇಕು. ಸುತ್ತಿಗೆ ಎತ್ತುವ ಮೊದಲು ಅವರು ಬಾಣದ ಮೇಲೆ ಬೆರಳಿಟ್ಟು ಓದಿದರು. ಅದೇ ಕಾರನ್ನು ಬಹುಕಾಲದಿಂದ ಬಲ್ಲ ಮನುಷ್ಯ ಓದದೆ ಹೊಡೆಯಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಬಾಣ ಪ್ರದಕ್ಷಿಣೆಯ ದಿಕ್ಕಿನಲ್ಲಿತ್ತು. ನಾವು ಹುಟ್ಟಿದಾಗಿನಿಂದ ಬಿಗಿಮಾಡಲು ತಿರುಗಿಸುವ ದಿಕ್ಕು ಇಲ್ಲಿ ಬಿಚ್ಚುವ ದಿಕ್ಕು. “ಇದು ಉಲ್ಟಾ ಅಲ್ಲವಾ?” ಎಂದು ಗೆಳೆಯರು ನನಗೆ ಕನ್ನಡದಲ್ಲಿ ಕೇಳಿದರು. ಮಾತು ತಿಳಿಯದಿದ್ದರೂ ಮುಖ ಓದಿದ ಮಾಲೀಕರು ಚಕ್ರವನ್ನು ತೋರಿಸಿ, “ಕಾರು ಮುಂದಕ್ಕೆ ಹೋಗುವಾಗ ಇದು ಯಾವ ಕಡೆ ತಿರುಗುತ್ತದೆ ನೋಡಿ. ಬಿಚ್ಚುವುದು ಯಾವಾಗಲೂ ಆ ಕಡೆಗೆ. ಬಿಗಿಯುವುದು ಅದಕ್ಕೆ ಎದುರು” ಎಂದರು. ನೆನಪಿಡಬೇಕಾದ ಸೂತ್ರ ಇಷ್ಟೇ: ಮೇಲಿನ ಕಿವಿಯನ್ನು ಕಾರಿನ ಮೂತಿಯ ಕಡೆಗೆ ಹೊಡೆದರೆ ಬಿಚ್ಚುತ್ತದೆ, ಡಿಕ್ಕಿಯ ಕಡೆಗೆ ಹೊಡೆದರೆ ಬಿಗಿಯುತ್ತದೆ. ರಡ್ಜ್ ಮಾದರಿಯ ಬ್ರಿಟಿಷ್ ಕಡ್ಡಿಚಕ್ರಗಳಿಗೆ ಇದು ಎರಡೂ ಬದಿಗೆ ಅನ್ವಯ. ಬೇರೆ ಮಾದರಿಯ ಚಕ್ರಗಳಿಗೆ ಈ ಸೂತ್ರ ನಂಬಬೇಡಿ, ಬಾಣವನ್ನೇ ನಂಬಿ.

ಹೀಗೇಕೆ ಎಂಬುದರಲ್ಲಿ ಪ್ಯೂ ಅವರ ಜಾಣ್ಮೆಯೆಲ್ಲ ಇದೆ. ನಟ್ಟಿನ ಒಳಬಾಯಿಯನ್ನು ಇಳಿಜಾರಾಗಿ ಕೊರೆದಿರುತ್ತಾರೆ, ಚಕ್ರದ ಹಬ್ಬಿನ ಮೂತಿ ಅದರೊಳಗೆ ಕೂರುವ ಶಂಕು. ಸ್ವಲ್ಪವೇ ಸಡಿಲವಿದ್ದರೂ ಕಾರಿನ ಭಾರದಿಂದ ಮೂತಿ ನಟ್ಟಿನ ಒಂದು ಮಗ್ಗುಲಿಗೆ ಮಾತ್ರ ಒತ್ತುತ್ತದೆ, ಚಕ್ರ ಉರುಳಿದಂತೆ ಆ ಒತ್ತುವ ಜಾಗವೂ ಸುತ್ತುತ್ತದೆ. ಮುಂಗೈಯಲ್ಲಿ ದೊಡ್ಡ ಬಳೆ ಹಾಕಿಕೊಂಡು ಕೈಯನ್ನು ಗರಗರ ತಿರುಗಿಸಿದರೆ ಬಳೆ ಕೈಗಿಂತ ನಿಧಾನವಾಗಿ ಸುತ್ತುತ್ತದಲ್ಲವೇ, ಏಕೆಂದರೆ ಅದರ ಸುತ್ತಳತೆ ದೊಡ್ಡದು. ಸ್ಪಿನ್ನರ್ ಕೂಡ ಹಾಗೆಯೇ ಚಕ್ರಕ್ಕಿಂತ ತುಸು ಹಿಂದೆ ಬೀಳುತ್ತದೆ. ಹಿಂದೆ ಬೀಳುವ ದಿಕ್ಕೇ ಬಿಗಿಯುವ ದಿಕ್ಕಾಗುವಂತೆ ಥ್ರೆಡ್ ಕೊರೆದಿದ್ದಾರೆ. ಸಡಿಲವಾದರೆ ಓಡುತ್ತ ಓಡುತ್ತ ತಾನೇ ಬಿಗಿಯಾಗುತ್ತದೆ. ಬದಿ ಅದಲು ಬದಲಾದರೆ ಇದೇ ಗುಣ ಶತ್ರುವಾಗುತ್ತದೆ, ಉರುಳಿದಷ್ಟೂ ನಟ್ಟು ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತದೆ. ನಟ್ಟಷ್ಟೇ ಬದಲಾದರೆ ಥ್ರೆಡ್ ಹಿಡಿಯುವುದಿಲ್ಲ, ತಪ್ಪು ತಕ್ಷಣ ಗೊತ್ತಾಗುತ್ತದೆ. ಅಪಾಯ ಇರುವುದು ಹಬ್ಬುಗಳೇ ಅದಲು ಬದಲಾದಾಗ. ಕಾರನ್ನು ಪೂರ್ತಿ ಬಿಚ್ಚಿ ಜೋಡಿಸುವ ದುರಸ್ತಿಯಲ್ಲಿ ಎಡದ ಹಬ್ಬು ಬಲಕ್ಕೆ ಹೋಗಿಬಿಟ್ಟರೆ ನಟ್ಟು ಚೆನ್ನಾಗಿ ಕೂರುತ್ತದೆ, ಕಾರು ಚೆಂದವಾಗಿ ಕಾಣುತ್ತದೆ, ರಸ್ತೆಗಿಳಿದ ಮೇಲೆ ಚಕ್ರ ಹೋಗುತ್ತದೆ. ಆದ್ದರಿಂದ ಹೊಸದಾಗಿ ದುರಸ್ತಿಯಾದ ಹಳೆಯ ಕಾರು ಕೊಳ್ಳುವವರು ಬಣ್ಣ, ಸೀಟು ನೋಡುವ ಮೊದಲು ನಾಲ್ಕೂ ಚಕ್ರಗಳ ಬಾಣ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಠಣ್ ಎಂದು ಮೂರ್ನಾಲ್ಕು ಏಟು. ನಟ್ಟು ಕದಲಿತು. ಆಮೇಲೆ ಜಾಕಿಯನ್ನು ಇನ್ನಷ್ಟು ಏರಿಸಿ, ಸ್ಪಿನ್ನರನ್ನು ಕೈಯಿಂದಲೇ ಸುತ್ತಿ ತೆಗೆದು ಹುಲ್ಲಿನ ಮೇಲೆ ಬೇಡ ಎಂದು ಬಟ್ಟೆಯ ಮೇಲಿಟ್ಟರು. ಥ್ರೆಡ್ಡಿಗೆ ಮಣ್ಣು ಅಂಟಬಾರದು. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ನೇರವಾಗಿ ಎಳೆದರು.

ಒಳಗಿನ ಹಬ್ಬು ಕಂಡದ್ದು ಆಗ. ಸುತ್ತಲೂ ಉದ್ದುದ್ದ ಹಲ್ಲುಗಳು. ಚಕ್ರದ ಒಳಗೋಡೆಯಲ್ಲೂ ಅದಕ್ಕೆ ಸರಿಹೊಂದುವ ಹಲ್ಲುಗಳು. ಇವಕ್ಕೆ ಸ್ಪ್ಲೈನ್ ಎನ್ನುತ್ತಾರೆ. ಎಂಜಿನ್ನಿನ ಎಳೆತ, ಬ್ರೇಕಿನ ತಡೆ ಎಲ್ಲವೂ ಚಕ್ರಕ್ಕೆ ದಾಟುವುದು ಈ ಹಲ್ಲುಗಳ ಮೂಲಕ. ನಟ್ಟಿನ ಕೆಲಸ ಚಕ್ರವನ್ನು ಒಳಗೆ ಒತ್ತಿ ಹಿಡಿಯುವುದು ಮಾತ್ರ. ಅವರು ಗ್ರೀಸು ಒರೆಸಿ ಒಂದು ಹಲ್ಲಿನ ಮೇಲೆ ಉಗುರು ಎಳೆದು ತೋರಿಸಿದರು. ಆರೋಗ್ಯವಾಗಿರುವ ಹಲ್ಲಿನ ನೆತ್ತಿ ಚಪ್ಪಟೆಯಾಗಿರುತ್ತದೆ, ಸವೆದದ್ದು ಚೂಪಾಗುತ್ತದೆ. ಕಿತ್ತಳೆ ಬಣ್ಣದ ತುಕ್ಕಿನ ಪುಡಿ ಕಂಡರೆ ಚಕ್ರ ಹಬ್ಬಿನ ಮೇಲೆ ಅಲುಗಾಡುತ್ತಿದೆ ಎಂದರ್ಥ. ಗೇರ್ ಹಾಕಿ ಹೊರಡುವಾಗ ಒಂದು ಟಕ್, ಬ್ರೇಕ್ ಒತ್ತಿದಾಗ ಇನ್ನೊಂದು ಟಕ್ ಕೇಳಿದರೂ ಅದೇ ಕಾಯಿಲೆ. ಹೊಸ ಚಕ್ರವನ್ನು ಸವೆದ ಹಬ್ಬಿಗೆ ಹಾಕಿದರೆ ಹೊಸದರ ಹಲ್ಲೂ ಬೇಗ ಹಾಳು.

ಮತ್ತೆ ಹಾಕುವಾಗ ಹಲ್ಲು, ಶಂಕು, ಥ್ರೆಡ್ ಮೂರಕ್ಕೂ ತೆಳುವಾಗಿ ಗ್ರೀಸು. ಒಣಗಿದ್ದರೆ ತುಕ್ಕು ಹಿಡಿದು ಮುಂದೊಂದು ದಿನ ನಡುರಸ್ತೆಯಲ್ಲಿ ಚಕ್ರ ಬಿಚ್ಚುವುದೇ ಇಲ್ಲ. ನಟ್ಟನ್ನು ಕೈಯಿಂದ ಕೊನೆಯವರೆಗೆ ಸುತ್ತಿ, ಚಕ್ರ ಇನ್ನೂ ಮೇಲಿರುವಾಗಲೇ ಹೊಡೆದು ಬಿಗಿ ಮಾಡಿದರು. ಭಾರ ಬಿದ್ದ ಮೇಲೆ ಬಿಗಿದರೆ ಶಂಕು ನಟ್ಟಿನ ನಡುವೆ ಸಮನಾಗಿ ಕೂರುವುದಿಲ್ಲ. ಎಷ್ಟು ಹೊಡೆಯಬೇಕು? ಅವರು ತಮ್ಮ ಕಿವಿಯಿಂದಲೇ ಅಳೆದರು. ಮೊದಲ ಏಟುಗಳಿಗೆ ಮಂಕು ಸದ್ದು, ಪೂರ್ತಿ ಕೂತಾಗ ಸದ್ದು ಗಟ್ಟಿಯಾಗುತ್ತದೆ, ನಟ್ಟು ಮುಂದೆ ಸರಿಯುವುದಿಲ್ಲ. ಸ್ವಲ್ಪ ದೂರ ಓಡಿಸಿ ಮತ್ತೆ ಒಂದೆರಡು ಏಟು ಹಾಕಿ ನೋಡುವುದು ಕಡ್ಡಾಯ. ತಾನೇ ಬಿಗಿಯಾಗುತ್ತದೆಂದು ಸಡಿಲ ಬಿಡುವುದು ಶುದ್ಧ ಅವಿವೇಕ ಎಂದು ಅವರು ಹೇಳಿದ್ದನ್ನು ನಾನೂ ಅಷ್ಟೇ ಜೋರಾಗಿ ಹೇಳುತ್ತೇನೆ. ನಟ್ಟಿಗೂ ಚಕ್ರಕ್ಕೂ ಸೇರಿಸಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ ನಟ್ಟು ಸರಿದದ್ದು ದೂರದಿಂದಲೇ ಕಾಣುತ್ತದೆ.

ಬದಲಿ ಸ್ಪಿನ್ನರ್ ಕೊಳ್ಳುವವರಿಗೆ ಅವರು ಇನ್ನೂ ಒಂದು ಮಾತು ಹೇಳಿದರು. ಎಂಜಿಬಿಯ ಮೊದಲ ವರ್ಷಗಳ ಹಬ್ಬಿನಲ್ಲಿ ಇಂಚಿಗೆ 12 ಸುತ್ತಿನ ಥ್ರೆಡ್, ನಂತರದವುಗಳಲ್ಲಿ 8. ನೋಡಲು ಒಂದೇ ತೆರನಾದ ನಟ್ಟು, ಒಳಗೆ ಬೇರೆ. ಎರಡು ಸುತ್ತಿಗೇ ಬಿಗಿಯಾದರೆ ಬಲ ಹಾಕದೆ ನಿಲ್ಲಿಸಿ ಎಣಿಸಬೇಕು.

ಮ್ಯೂಸಿಯಮ್ಮಿನ ಒಳಗೆ ಹೋದಾಗ ನಮ್ಮ ಕಣ್ಣು ಕಾರಿನ ಮೈಮೇಲೆ ನಿಲ್ಲದೆ ಚಕ್ರದ ನಡುವಿಗೇ ಹೋಗುತ್ತಿತ್ತು. ಜಾಗ್ವಾರ್ ಟ್ರಸ್ಟಿನ ಕಾರುಗಳಲ್ಲಿ 77 ಆರ್‌ಡಬ್ಲ್ಯೂ ಸಂಖ್ಯೆಯ ಇ-ಟೈಪ್ ಕೂಡ ಒಂದು. 1961ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಇ-ಟೈಪ್‌ಗೆ ಜನ ಮುಗಿಬಿದ್ದಾಗ, ಇನ್ನೊಂದು ಕಾರು ಬೇಕೆಂದು ಕವೆಂಟ್ರಿಗೆ ಕರೆ ಬಂತು. ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂವಿಸ್ ರಾತ್ರೋರಾತ್ರಿ ಓಡಿಸಿಕೊಂಡು ಹೋದದ್ದು ಈ ಕಾರನ್ನು. 72 ಕಡ್ಡಿಗಳ ಚಕ್ರ, ಎರಡು ಕಿವಿಯ ನಟ್ಟು. ಆ ರಾತ್ರಿಯ ವೇಗವನ್ನೆಲ್ಲ ಹಿಡಿದಿಟ್ಟದ್ದು ಇಂಥ ನಾಲ್ಕೇ ನಟ್ಟುಗಳು ಎಂದುಕೊಂಡರೆ ಅವುಗಳ ಮೇಲೆ ಗೌರವ ಹೆಚ್ಚುತ್ತದೆ.

ಇಷ್ಟು ಚೆಂದದ ಕಿವಿಗಳು ಮಾಯವಾಗಿದ್ದು ಕಾನೂನಿನಿಂದ. ಚಕ್ರದಿಂದ ಹೊರಚಾಚಿದ ಲೋಹ ದಾರಿಹೋಕರ ಕಾಲಿಗೆ, ಸೈಕಲ್ ಸವಾರರಿಗೆ ಅಪಾಯ. 1964ರ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಜೇಮ್ಸ್ ಬಾಂಡನ ಡಿಬಿ5ರ ಸ್ಪಿನ್ನರ್ ಹೊರಕ್ಕೆ ಚಾಚಿ ಪಕ್ಕದ ಕಾರಿನ ಟೈರು ಸೀಳುತ್ತದೆ. ಅದು ಕಲ್ಪನೆ, ಆದರೆ ತಿರುಗುವ ಕಿವಿಗೆ ಬಟ್ಟೆ ಸಿಕ್ಕಿಕೊಳ್ಳುವುದು ಕಲ್ಪನೆಯಲ್ಲ. ಪಶ್ಚಿಮ ಜರ್ಮನಿ ಮೊದಲೇ ಕಿವಿಯನ್ನು ತಡೆದಿತ್ತು. ಅಮೆರಿಕದಲ್ಲಿ 1968ರ ಜನವರಿ 1ರಿಂದ, ರೆಕ್ಕೆಯಂತೆ ಚಾಚಿದ ಚಕ್ರದ ನಟ್ಟು ಹೊಸ ಕಾರುಗಳಲ್ಲಿ ಕೂಡದೆಂಬ ನಿಯಮ ಬಂತು. ಅಮೆರಿಕವೇ ಎಂಜಿ, ಜಾಗ್ವಾರ್‌ಗಳ ದೊಡ್ಡ ಮಾರುಕಟ್ಟೆಯಾದ್ದರಿಂದ ಎಂಟು ಮೂಲೆಯ ನಟ್ಟು ಹುಟ್ಟಿಕೊಂಡಿತು. ಅದಕ್ಕೆ ಬೇರೆಯದೇ ದಪ್ಪ ಸ್ಪ್ಯಾನರ್ ಬೇಕು, ಅದರ ತೋಳಿಗೆ ಸುತ್ತಿಗೆಯಿಂದ ಹೊಡೆಯಬೇಕು. ಆ ನಿಯಮವನ್ನು 1996ರಲ್ಲಿ ಹಿಂತೆಗೆದುಕೊಂಡರು, ಆದರೆ ಅಷ್ಟರಲ್ಲಿ ಇಂಥ ಚಕ್ರಗಳ ಕಾಲವೇ ಮುಗಿದಿತ್ತು. ಕಿವಿಯ ಸೊಬಗು ನನಗೆ ಇಷ್ಟವಾದರೂ ಜನ ಓಡಾಡುವ ಬೀದಿಗೆ ಆ ನಿಯಮ ನ್ಯಾಯವಾದದ್ದೇ.

ಈ ನಿಯಮದಿಂದಾಗಿಯೇ ಇಂದಿನ ಖರೀದಿದಾರರಿಗೆ ಒಂದು ಗೊಂದಲ. ಎಂಟು ಮೂಲೆಯ ನಟ್ಟಿನೊಂದಿಗೆ ಹುಟ್ಟಿದ ಕಾರಿಗೆ ಆಮೇಲೆ ಕಿವಿ ಹಾಕಿಸಿದವರಿದ್ದಾರೆ, ಬೋಲ್ಟಿನ ಚಕ್ರದ ಕಾರಿಗೆ ಕಡ್ಡಿಚಕ್ರ ಸೇರಿಸಿದವರೂ ಇದ್ದಾರೆ. ನಿಮ್ಮ ಕಾರು ಕಾರ್ಖಾನೆಯ ಬಾಗಿಲು ದಾಟಿದಾಗ ಕಡ್ಡಿಚಕ್ರ ಇತ್ತೇ ಎಂಬುದಕ್ಕೆ ಉತ್ತರ ಗೇಡನ್ನಿನ ದಾಖಲೆ ವಿಭಾಗದಲ್ಲಿ ಸಿಗಬಹುದು. ಎಂಜಿ, ಆಸ್ಟಿನ್-ಹೀಲಿ, ಟ್ರಯಂಫ್ ಮುಂತಾದ ಕಾರುಗಳ ಉತ್ಪಾದನಾ ದಾಖಲೆಗಳು ಅಲ್ಲಿವೆ. ಚಾಸಿ ಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ದಾಖಲೆಯಲ್ಲಿದ್ದಷ್ಟು ಮಟ್ಟಿಗೆ ಬಣ್ಣ, ತಯಾರಾದ ದಿನ, ಕಂಪನಿಯೇ ಹಾಕಿಕೊಟ್ಟ ಹೆಚ್ಚುವರಿ ಸಾಮಾನುಗಳ ವಿವರ ಅದರಲ್ಲಿರುತ್ತದೆ. ಮ್ಯೂಸಿಯಂ ಎಂ40 ಹೆದ್ದಾರಿಯ 12ನೇ ಜಂಕ್ಷನ್‌ಗೆ ಹತ್ತಿರ. ರೈಲು ಅಲ್ಲಿಗೆ ಬರುವುದಿಲ್ಲ, ಲೆಮಿಂಗ್ಟನ್ ಸ್ಪಾ ಅಥವಾ ಬ್ಯಾನ್‌ಬರಿಯಲ್ಲಿ ಇಳಿದು ರಸ್ತೆ ಹಿಡಿಯಬೇಕು. ಕಾರುಗಳ ಕೂಟ ಇರುವ ದಿನ ನೋಡಿಕೊಂಡು ಹೋಗಿ. ಸುತ್ತಿಗೆ ಹಿಡಿದವರು ಯಾರಾದರೂ ಕಂಡರೆ ಕೇಳಿ, ತೋರಿಸುತ್ತಾರೆ.